ತುಕ್ಕು ಹಿಡಿದ ಮಾರುತಿ 800ಕ್ಕೆ ಜಾಕ್ ಎಲ್ಲಿ ಕೊಡುವುದು? ಮಲ್ಪೆ ಕಡೆಯ ಒಂದು ಪ್ರಕರಣ

ಕಾರು 2004ರ ಮಾರುತಿ 800. ನನ್ನ ಭಾವನದ್ದು. ಮನೆ ಮಲ್ಪೆ ಕಡೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ತೊಂದರೆ ಎರಡು. ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು, ಅಂದರೆ ಪ್ಯಾಡ್ ಪೂರ್ತಿ ಸವೆದಿದೆ. ಹಿಂದಿನ ಎಡ ಚಕ್ರದ ಒಳಬದಿ ಬ್ರೇಕ್ ಆಯಿಲ್ ಜಿನುಗಿ ಒದ್ದೆಯಾಗಿದೆ, ಅಂದರೆ ಆಯಿಲ್ ಒತ್ತಡದಿಂದ ಹಿಂದಿನ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಹೋಗಿದೆ. ಇಂಥ ಬ್ರೇಕಿನಲ್ಲಿ ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗುವ ಮಾತೇ ಇಲ್ಲ. ಮನೆಯಲ್ಲೇ ಮಾಡೋಣ ಅಂತ ಭಾವ ಕರೆದರು. ಪ್ಯಾಡ್ ಬದಲಿಸುವುದು, ವೀಲ್ ಸಿಲಿಂಡರ್ ಬದಲಿಸುವುದು ಎರಡೂ ನನಗೆ ಅಭ್ಯಾಸವಿರುವ ಕೆಲಸ. ಬ್ರೇಕಿನ ಬಗ್ಗೆ ಚಿಂತೆ ಇರಲಿಲ್ಲ. ಆ ಕಾರನ್ನು ಎಲ್ಲಿ ಹಿಡಿದು ಎತ್ತುವುದು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು.

ಯಾಕೆಂದರೆ ಸ್ವಲ್ಪ ದಿನದ ಹಿಂದೆ ಪಂಕ್ಚರ್ ಹಾಕಿಸಲು ನಿಲ್ಲಿಸಿದಾಗ ಎಡಬದಿಯ ರನ್ನಿಂಗ್ ಬೋರ್ಡ್, ಅಂದರೆ ಬಾಗಿಲಿನ ಕೆಳಗಿನ ಉದ್ದ ಭಾಗ, ಜಾಕಿನ ಮೇಲೆ ಕರಕರ ಅಂತ ಒಳಗೆ ಹೋಗಿತ್ತಂತೆ. ಅಂಗಡಿಯವನ ತಪ್ಪೇನಿಲ್ಲ. ಕಂಪನಿ ತೋರಿಸಿದ ಜಾಗಕ್ಕೇ ಅವನು ಜಾಕ್ ಕೊಟ್ಟಿದ್ದ. ಬಾಗಿಲಿನ ಕೆಳಗಿನ ಅಂಚಿನಲ್ಲಿ ಮುಂದಿನ ಚಕ್ರದ ಹಿಂದೆ ಒಂದು, ಹಿಂದಿನ ಚಕ್ರದ ಮುಂದೆ ಒಂದು ಗುರುತು ಇರುತ್ತದಲ್ಲ, ಅಲ್ಲೇ. ಹೊಸ ಕಾರಿಗೆ ಅದು ಸರಿ. ಇಪ್ಪತ್ತು ಮಳೆಗಾಲ ಕಂಡ ಕರಾವಳಿಯ ಕಾರಿಗೆ ಆ ಗುರುತು ಬರೀ ಗುರುತು. ಅದರ ಹಿಂದೆ ಕಬ್ಬಿಣ ಉಳಿದಿದೆಯೋ ಇಲ್ಲವೋ ಅಂತ ನಾವೇ ನೋಡಬೇಕು.

ತುಕ್ಕು ಅಲ್ಲೇ ಯಾಕೆ

ಮಾರುತಿ 800ಕ್ಕೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಗಡುಗಳನ್ನು ಮಡಚಿ, ಜೋಡಿಸಿ, ಅಲ್ಲಲ್ಲಿ ಸ್ಪಾಟ್ ವೆಲ್ಡ್ ಮಾಡಿ ಪೆಟ್ಟಿಗೆಯ ಆಕಾರ ತಂದಿರುತ್ತಾರೆ. ರನ್ನಿಂಗ್ ಬೋರ್ಡ್ ಅಂದರೆ ಅಂಥ ಒಂದು ಟೊಳ್ಳು ಪೆಟ್ಟಿಗೆ. ಒಳಗೆ ಬಂದ ನೀರು ಹೊರಗೆ ಹೋಗಲಿ ಅಂತ ಕೆಳಗೆ ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣಿನ ರಸ್ತೆ, ಕೆಸರು, ಎಲೆಯ ಚೂರು ಸೇರಿ ಆ ತೂತು ಮುಚ್ಚುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನೀರು ಪೆಟ್ಟಿಗೆಯೊಳಗೆ ನಿಂತಿರುತ್ತದೆ, ಜೊತೆಗೆ ಸಮುದ್ರದ ಗಾಳಿಯ ಉಪ್ಪು. ಉಪ್ಪು ಸೇರಿದ ನೀರಿನಲ್ಲಿ ತುಕ್ಕು ಎಷ್ಟೋ ವೇಗವಾಗಿ ಹರಡುತ್ತದೆ.

ಹೀಗೆ ಒಳಗಿನಿಂದ ಹೊರಕ್ಕೆ ತಿನ್ನುವುದರಿಂದ ಹೊರಗಿನ ಪೇಂಟ್ ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಹಾಗಾಗಿ ಎರಡು ತಗಡು ಸೇರುವ ಅಂಚಿನ ನಡುವೆ ತುಕ್ಕು ಹೊಕ್ಕರೆ ತಗಡುಗಳು ಉಬ್ಬಿ ಬೇರೆಯಾಗುತ್ತವೆ. ಜಾಕ್ ಕೂರುವುದು ಸರಿಯಾಗಿ ಆ ಅಂಚಿನ ಮೇಲೆಯೇ.

ಭಾವ ಎರಡು ವರ್ಷದ ಹಿಂದೆ ಅಡಿಗೆ ಟಾರಿನಂಥ ಕಪ್ಪು ಕೋಟಿಂಗ್ ಹೊಡೆಸಿದ್ದರು. ಬಗ್ಗಿ ನೋಡಿದರೆ ಎಲ್ಲಾ ಕಪ್ಪಗೆ, ಹೊಸದರ ಹಾಗೆ. ಆ ಕೋಟಿಂಗ್ ಅನ್ನು ನಾನು ನಂಬುವುದೇ ಇಲ್ಲ. ತುಕ್ಕನ್ನು ಕೆರೆದು ತೆಗೆಯದೆ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಮತ್ತು ನೋಡುವವನಿಗೆ ಎಲ್ಲಾ ಗಟ್ಟಿಯಿದೆ ಅನ್ನಿಸುತ್ತದೆ.

ಎತ್ತದೆಯೇ ನೋಡಿದ್ದು

ಎತ್ತಿದರೆ ತಾನೇ ಅಡಿ ನೋಡುವುದು ಅಂತ ಕೇಳಬಹುದು. ಬೇಡ. ಕಾರು ನಾಲ್ಕು ಚಕ್ರದ ಮೇಲೆ ನಿಂತಿದ್ದಾಗಲೇ ತುಂಬಾ ನೋಡಬಹುದು. ಮೊಬೈಲಿನ ಟಾರ್ಚ್ ಹಾಕಿ, ವಿಡಿಯೋ ಆನ್ ಮಾಡಿ, ಸೆಲ್ಫಿ ಸ್ಟಿಕ್ಕಿಗೆ ಕಟ್ಟಿ ಅಡಿಯಲ್ಲಿ ಮೆಲ್ಲಗೆ ಎಳೆದೆವು. ಆಮೇಲೆ ಜಗಲಿಯಲ್ಲಿ ಕೂತು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಕೋಟಿಂಗ್ ಎಲ್ಲಿ ಉಬ್ಬಿದೆ, ಎಲ್ಲಿ ಹಾಳೆ ಹಾಳೆಯಾಗಿ ಬಿಟ್ಟಿದೆ, ಎಲ್ಲಿ ಕಂದು ನೀರಿನ ಗೆರೆ ಇಳಿದಿದೆ, ಎಲ್ಲಾ ಕಾಣುತ್ತದೆ.

ಎರಡನೆಯದು ಅಯಸ್ಕಾಂತ. ಹಳೇ ಸ್ಪೀಕರಿನಿಂದ ತೆಗೆದದ್ದು, ಬಟ್ಟೆಯಲ್ಲಿ ಸುತ್ತಿ ರನ್ನಿಂಗ್ ಬೋರ್ಡ್ ಉದ್ದಕ್ಕೂ ಸರಿಸಿದೆ. ಬಲಬದಿಯಲ್ಲಿ ಎಲ್ಲಾ ಕಡೆ ಕಚ್ಚಿ ಹಿಡಿಯಿತು. ಎಡಬದಿಯಲ್ಲಿ ಮುಂದಿನ ಜಾಕ್ ಗುರುತಿನ ಹತ್ತಿರ ಒಂದು ಗೇಣು ಉದ್ದಕ್ಕೆ ಹಿಡಿಯಲೇ ಇಲ್ಲ, ಜಾರಿ ಕೈಗೆ ಬಂತು. ಅಂದರೆ ಅಲ್ಲಿ ಕಬ್ಬಿಣವೇ ಇಲ್ಲ, ಪುಟ್ಟಿ. ಹಿಂದೆ ಯಾವತ್ತೋ ಟಿಂಕರಿಂಗ್ ಮಾಡಿದವರು ತೂತನ್ನು ಫೈಬರ್ ಮತ್ತು ಪುಟ್ಟಿಯಿಂದ ಮುಚ್ಚಿ ಮೇಲೆ ಪೇಂಟ್ ಹೊಡೆದಿದ್ದಾರೆ. ಕಣ್ಣಿಗೆ ಆ ಭಾಗವೇ ಎಲ್ಲಕ್ಕಿಂತ ನುಣುಪಾಗಿತ್ತು.

ಮೂರನೆಯದು ಸಣ್ಣ ಸುತ್ತಿಗೆ ಮತ್ತು ಹಳೇ ಸ್ಕ್ರೂ ಡ್ರೈವರ್. ಪಕ್ಕದಲ್ಲಿ ಕೂತು, ಕೈ ಮಾತ್ರ ಒಳಗೆ ಚಾಚಿ ಮೆಲ್ಲಗೆ ತಟ್ಟುವುದು. ಗಟ್ಟಿ ಇರುವ ಕಡೆ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತ ಕಡೆ ಸದ್ದು ಮಂದ, ಸುತ್ತಿಗೆ ಅಲ್ಲೇ ಕೂತ ಹಾಗಾಗುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂ ಡ್ರೈವರ್ ಒತ್ತಬೇಕು. ಒಳ್ಳೇ ತಗಡು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಎಡಬದಿಯ ಮುಂದಿನ ಸೀಟಿನ ಕೆಳಗಿನ ಪಟ್ಟಿಗೆ ಒತ್ತಿದಾಗ ಸ್ಕ್ರೂ ಡ್ರೈವರ್ ಹಿಡಿಯವರೆಗೂ ಹೋಯಿತು, ಹೊರಗೆ ತೆಗೆದಾಗ ಅದರ ಜೊತೆ ಒದ್ದೆ ಕೆಂಪು ಮಣ್ಣು ಬಂತು. ಎಲ್ಲವನ್ನೂ ತೂತು ಮಾಡಿ ಇಡುವ ಕೆಲಸವೇ ಅಂತ ಅಕ್ಕ ಕೇಳಿದರು. ತೂತು ಮೊದಲೇ ಇತ್ತು ಅಕ್ಕ, ನಮಗೆ ಈಗ ಗೊತ್ತಾಯಿತು ಅಷ್ಟೇ ಅಂದೆ.

ಕೊನೆಗೆ ಸಿಕ್ಕ ಚಿತ್ರ ಹೀಗಿತ್ತು. ಎಡ ರನ್ನಿಂಗ್ ಬೋರ್ಡ್ ಪೂರ್ತಿ ಲೆಕ್ಕಕ್ಕಿಲ್ಲ. ಬಲದ್ದು ಮುಂದೆ ಗಟ್ಟಿ, ಹಿಂದೆ ಅನುಮಾನ. ನೆಲದ ತಗಡು ಎಡ ಮುಂದಿನ ಸೀಟಿನ ಕೆಳಗೆ ಹೋಗಿದೆ. ಆದರೆ ಮುಂದೆ ಎಂಜಿನ್ ಸುತ್ತಮುತ್ತ, ಮುಂದಿನ ಚಕ್ರವನ್ನು ಬಾಡಿಗೆ ಸೇರಿಸುವ ತೋಳಾದ ಲೋವರ್ ಆರ್ಮ್‌ನ ಒಳತುದಿ ಬಾಡಿಗೆ ಬೋಲ್ಟ್ ಆಗಿರುವ ದಪ್ಪ ಭಾಗ ಎರಡೂ ಕಡೆ ಠಣ್ ಅಂತಿತ್ತು. ಕಾರಣ ಸರಳ. ವರ್ಷಾನುಗಟ್ಟಲೆ ಎಂಜಿನ್ ಆಯಿಲ್ ಜಿನುಗಿ ಅಲ್ಲಿ ಪದರವಾಗಿ ಕೂತು ತುಕ್ಕಿಗೆ ಜಾಗ ಕೊಟ್ಟಿರಲಿಲ್ಲ. ಅದರ ಹಿಂದೆಯೇ ಇರುವ ಚಾಸಿ ಪಟ್ಟಿ (ಬಾಡಿಗೇ ಸೇರಿದ ಉದ್ದ ಪಟ್ಟಿ, ಬೇರೆ ಚಾಸಿ ಅಲ್ಲ) ಒಂದು ಗೇಣಿನವರೆಗೆ ಗಟ್ಟಿ, ಆಮೇಲೆ ಸೀಟಿನ ಕಡೆಗೆ ಹೋಗುತ್ತಾ ಮೆತ್ತಗೆ. ಹಿಂದಿನ ಆಕ್ಸಲ್ ದಪ್ಪ ಕೊಳವೆ, ಮೇಲೆ ತುಕ್ಕಿನ ಹೊಪ್ಪಳೆ ಎದ್ದಿದ್ದರೂ ಕೆರೆದರೆ ಒಳಗೆ ಗಟ್ಟಿ ಕಬ್ಬಿಣ. ಆದರೆ ಆಕ್ಸಲನ್ನು ಬಾಡಿಗೆ ಸೇರಿಸುವ ಎಡ ಟ್ರೇಲಿಂಗ್ ಆರ್ಮ್‌ನ ಮುಂದಿನ ಬುಡ ವಿಡಿಯೋದಲ್ಲಿ ನನಗೆ ಸರಿ ಕಾಣಲಿಲ್ಲ.

ಕೂತು ಮಾಡುವ ಕೆಲಸ, ನುಗ್ಗಿ ಮಾಡುವ ಕೆಲಸ

ಇಲ್ಲಿ ಒಂದು ತೀರ್ಮಾನ ಮಾಡಿದೆವು, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿತು. ಈ ಕಾರಿನ ಅಡಿಗೆ ಮನೆಯಲ್ಲಿ ಯಾರೂ ನುಗ್ಗುವುದಿಲ್ಲ. ಚಕ್ರದ ಪಕ್ಕ ಕೂತು, ಕೈ ಮಾತ್ರ ಚಕ್ರದ ಜಾಗದಲ್ಲಿಟ್ಟು ಮಾಡುವ ಕೆಲಸ ಮಾತ್ರ ಮಾಡುವುದು. ಪ್ಯಾಡು ಹಾಗೆ ಆಗುತ್ತದೆ. ವೀಲ್ ಸಿಲಿಂಡರ್ ಕೂಡ ಹೆಚ್ಚುಕಡಿಮೆ ಹಾಗೇ ಆಗುತ್ತದೆ.

ಮಾರುತಿ 800ರ ತೂಕ ಸುಮಾರು 650 ಕಿಲೋ. ಇವತ್ತಿನ ಕಾರುಗಳ ಮುಂದೆ ಅದು ಹಗುರ, ಅದಕ್ಕೇ ಜನ ಅದನ್ನು ಸಲೀಸು ಅಂದುಕೊಳ್ಳುತ್ತಾರೆ. ನಾಲ್ಕು ಜನ ಸೇರಿದರೆ ಒಂದು ಬದಿ ಎತ್ತಿಬಿಡುತ್ತೇವೆ ಅಂತ ಭಾವನೂ ಹೇಳಿದರು. ಆದರೆ ಎಂಜಿನ್ ಇರುವ ಮುಂಭಾಗದಲ್ಲಿ ಒಂದೊಂದು ಚಕ್ರದ ಮೇಲೂ 200 ಕಿಲೋ ಹತ್ತಿರ ಬೀಳುತ್ತದೆ. ಎರಡು ಅಕ್ಕಿ ಕ್ವಿಂಟಾಲ್ ಎದೆಯ ಮೇಲೆ ಬಿದ್ದರೆ ಉಸಿರು ತೆಗೆದುಕೊಳ್ಳಲು ಆಗುವುದಿಲ್ಲ, ಕೂಗಲೂ ಆಗುವುದಿಲ್ಲ. ನಾಲ್ಕು ಜನ ಓಡಿ ಬರುವಷ್ಟು ಹೊತ್ತು ಇರುವುದೇ ಇಲ್ಲ.

ಎರಡು ಟನ್ ಜಾಕ್ ಇದೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಟನ್ ಸ್ಟ್ಯಾಂಡ್ ಇದೆ ಅಂದಾಕ್ಷಣ ಸುರಕ್ಷಿತ ಅಲ್ಲ ಅನ್ನುವುದನ್ನೂ ಹೇಳಬೇಕು. ಆ ಅಂಕೆ ಜಾಕಿನ ಶಕ್ತಿ. ಜಾಕಿನ ಮೇಲೆ ಕೂತಿರುವ ತಗಡಿನ ಶಕ್ತಿ ಎಷ್ಟು ಅಂತ ಯಾರೂ ಬರೆದಿರುವುದಿಲ್ಲ.

ನೆಲ, ಅಡೆ, ಹ್ಯಾಂಡ್ ಬ್ರೇಕ್

ಕಾರು ನಿಲ್ಲಿಸುವ ಶೀಟಿನ ಮಾಡಿನ ಕೆಳಗೆ ಮರಳು ಮಿಶ್ರಿತ ಮಣ್ಣು. ಅಲ್ಲಿ ಟ್ರಾಲಿ ಜಾಕ್ (ಸಣ್ಣ ಚಕ್ರಗಳ ಮೇಲೆ ಉರುಳುವ ಜಾಕ್) ಇಡಲೇಬಾರದು. ಬರೀ ಹೂತುಹೋಗುತ್ತದೆ ಅನ್ನುವುದಷ್ಟೇ ಕಾರಣ ಅಲ್ಲ. ಟ್ರಾಲಿ ಜಾಕಿನ ತೋಳು ಮೇಲೇರುವಾಗ ನೇರ ಏರುವುದಿಲ್ಲ, ಕಮಾನಿನ ದಾರಿಯಲ್ಲಿ ಏರುತ್ತದೆ. ಅದಕ್ಕೆ ತಕ್ಕ ಹಾಗೆ ಜಾಕ್ ತನ್ನ ಚಕ್ರಗಳ ಮೇಲೆ ಕಾರಿನಡಿಗೆ ಸ್ವಲ್ಪ ಉರುಳಬೇಕು. ಮಣ್ಣಿನಲ್ಲಿ ಹೂತರೆ ಅದು ಉರುಳುವುದಿಲ್ಲ, ಬದಲಿಗೆ ಕಾರನ್ನೇ ಎಳೆಯುತ್ತದೆ ಅಥವಾ ತಲೆಯೇ ಜಾರುತ್ತದೆ. ಮನೆ ಮುಂದೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇತ್ತು. ಮಕ್ಕಳ ಗೋಲಿ ಇಟ್ಟು ನೋಡಿದೆ, ಒಂದು ಮೂಲೆಯ ಕಡೆಗೆ ಮಾತ್ರ ಉರುಳಿತು, ನಡುವೆ ನಿಂತಿತು. ಕಾರನ್ನು ಆ ನಡುವಿಗೆ ತಳ್ಳಿ ತಂದೆವು.

ಹ್ಯಾಂಡ್ ಬ್ರೇಕ್ ವಿಷಯದಲ್ಲಿ ಈ ಕಾರಿಗೆ ಎರಡು ತೊಡಕು ಇದ್ದವು. ಮಾರುತಿ 800ರಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಎಡ ಹಿಂದಿನ ವೀಲ್ ಸಿಲಿಂಡರ್ ಸೋರುತ್ತಿದೆ ಅಂದರೆ ಆ ಬದಿಯ ಬ್ರೇಕ್ ಶೂ ಆಯಿಲ್‌ನಲ್ಲಿ ನೆನೆದಿರುತ್ತದೆ, ಹಿಡಿತ ಇರುವುದಿಲ್ಲ. ಇನ್ನು ಗೇರಿಗೆ ಹಾಕಿದ್ದೇನಲ್ಲ ಅಂತ ಕೆಲವರು ಧೈರ್ಯ ಮಾಡುತ್ತಾರೆ. ಗೇರು ಹಿಡಿಯುವುದು ಮುಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಆ ಚಕ್ರವನ್ನು ತಿರುಗಲು ಬಿಡುತ್ತದೆ, ನೆಲದಲ್ಲಿರುವ ಇನ್ನೊಂದು ಚಕ್ರಕ್ಕೆ ಗೇರಿನ ಹಿಡಿತವೇ ಉಳಿಯುವುದಿಲ್ಲ. ಅಂದರೆ ಮುಂದೆ ಎತ್ತಿದಾಗ ಗೇರು ಸುಮ್ನೆ, ಹ್ಯಾಂಡ್ ಬ್ರೇಕ್ ಅರ್ಧ. ಹಾಗಾಗಿ ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ಅಡೆ ಕೊಟ್ಟೆವು, ಇಳಿಜಾರಾಗಿ ಕುಯ್ದ ದಪ್ಪ ತುಂಡುಗಳು, ಟೈರಿಗೆ ಒತ್ತಿ ಕೂರುವ ಹಾಗೆ. ಉರುಟು ಕಲ್ಲು ಕೊಡಬೇಡಿ, ಅದು ತಾನೂ ಉರುಳುತ್ತದೆ.

ಚಕ್ರದ ನಟ್‌ಗಳನ್ನು ಕಾರು ನೆಲದಲ್ಲಿರುವಾಗಲೇ ಕಾಲು ಸುತ್ತು ಸಡಿಲ ಮಾಡಿದೆವು. ತುಕ್ಕು ಹಿಡಿದ ನಟ್‌ಗೆ ಪಾನಾ ಹಾಕಿ ಪೈಪ್ ಸೇರಿಸಿ ಎಳೆಯಬೇಕಾಗುತ್ತದೆ. ಆ ಎಳೆತ ಎತ್ತಿದ ಕಾರಿನ ಮೇಲೆ ಬೀಳಬಾರದು.

ಮುರಕಲ್ಲು ಬೇಡ

ನಮ್ಮ ಕಡೆ ಎಲ್ಲಿ ನೋಡಿದರೂ ಮುರಕಲ್ಲು, ಅಂದರೆ ಮನೆ ಕಟ್ಟುವ ಕೆಂಪು ಕಲ್ಲು. ಅಂಗಳದ ಮೂಲೆಯಲ್ಲಿ ಮನೆ ಕಟ್ಟಿ ಉಳಿದದ್ದು ಸಾಲಾಗಿ ಪೇರಿಸಿಟ್ಟಿತ್ತು. ಭಾವ ಎರಡು ಕಲ್ಲು ತಂದು ಇಟ್ಟೇಬಿಟ್ಟರು. "ಮನೆಯೇ ಇದರ ಮೇಲೆ ನಿಂತಿದೆ ಮಾರಾಯ, ಕಾರು ನಿಲ್ಲುವುದಿಲ್ಲವಾ?" ಅಂದರು. ಈ ಮಾತು ಕರಾವಳಿಯ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಗೋಡೆಯಲ್ಲಿ ಕಲ್ಲಿನ ಮೇಲೆ ಭಾರ ಪೂರ್ತಿ ಅಗಲಕ್ಕೆ ಹರಡಿರುತ್ತದೆ, ನಿಧಾನವಾಗಿ ಕೂತಿರುತ್ತದೆ. ಕಾರಿನ ಭಾರ ಎರಡು ಬೆರಳಿನಗಲದ ಕಬ್ಬಿಣದ ಅಂಚಿನಿಂದ ಇಳಿಯುತ್ತದೆ, ನಾವು ಪಾನಾ ಎಳೆದಾಗೆಲ್ಲ ಅಲುಗುತ್ತದೆ. ಮುರಕಲ್ಲಾಗಲಿ, ಸಿಮೆಂಟ್ ಬ್ಲಾಕ್ ಆಗಲಿ, ಇಟ್ಟಿಗೆಯಾಗಲಿ ಬಾಗಿ ಮುನ್ಸೂಚನೆ ಕೊಡುವುದಿಲ್ಲ. ಒಂದೇ ಸಲ ಒಡೆಯುತ್ತದೆ. ಹಾಲೋ ಬ್ಲಾಕ್ ಅಂತೂ ಅಡ್ಡ ಮಲಗಿಸಿದರೆ ಕೇಳುವುದೇ ಬೇಡ. ಕಲ್ಲನ್ನು ವಾಪಸ್ ಇಡಿಸಿದೆ.

ಜಾಕ್ ಸ್ಟ್ಯಾಂಡ್ ಬಾಡಿಗೆಗೆ ತಂದೆವು, ಪಿನ್ನು ತೂರಿಸುವ ಬಗೆಯದ್ದು. ಹಲ್ಲುಪಟ್ಟಿಯದ್ದೂ ಒಳ್ಳೆಯದೇ, ಆದರೆ ಹಲ್ಲು ಪೂರ್ತಿ ಕಚ್ಚಿದೆಯಾ ಅಂತ ಪ್ರತಿ ಸಲ ನೋಡಬೇಕು. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತನ್ನ ಲಕ್ಷಗಟ್ಟಲೆ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಕೊಕ್ಕೆ ಹಲ್ಲನ್ನು ಸರಿಯಾಗಿ ಕಚ್ಚದೆ ಭಾರ ಹೊತ್ತಾಗ ಕುಸಿಯುವ ಅಪಾಯ ಇತ್ತು. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡ್‌ಗಳಲ್ಲಿ ವೆಲ್ಡಿಂಗ್ ದೋಷ ಸಿಕ್ಕಿ ಅದೇ ವರ್ಷ ಮತ್ತೆ ವಾಪಸ್ ಕರೆಯಬೇಕಾಯಿತು. ಅಂಗಡಿಯಿಂದ ತಂದ ಹೊಸ ಸಾಮಾನಾದರೂ ವೆಲ್ಡಿಂಗ್ ಮೇಲೆ ಬೆರಳಾಡಿಸಿ, ಪಿನ್ನು ಎರಡೂ ಕಡೆ ಹೊರಬಂದಿದೆಯಾ ಅಂತ ನೋಡಿಯೇ ಭಾರ ಕೊಡಿ.

ಡಿಕ್ಕಿಯಲ್ಲಿದ್ದ ಕಂಪನಿಯ ಜಾಕನ್ನು ನಾವು ಮುಟ್ಟಲಿಲ್ಲ. ಅದರ ಸ್ಕ್ರೂ ಕೂಡ ತುಕ್ಕು ಹಿಡಿದಿತ್ತು. ಅದಿರುವುದು ರಸ್ತೆ ಬದಿ ಸ್ಟೆಪ್ನಿ ಬದಲಿಸಲು ಮಾತ್ರ.

ಮುಂದೆ ಎತ್ತಿದ್ದು

ಲೋವರ್ ಆರ್ಮ್‌ನ ಒಳತುದಿಯ ಜಾಗ ಗಟ್ಟಿ ಅಂತ ಗೊತ್ತಾಗಿತ್ತು. ಆದರೆ ಅದನ್ನು ಕಾಪಾಡಿದ ಆಯಿಲ್ ಈಗ ನಮಗೆ ತೊಂದರೆ. ಜಾಕಿನ ತಲೆ ಅಲ್ಲಿ ಜಾರುತ್ತದೆ. ಬಟ್ಟೆಗೆ ಪೆಟ್ರೋಲ್ ಹಾಕಬೇಡಿ, ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಜಾಕಿನ ತಲೆಯ ಮೇಲೆ ಹಳೇ ಟೈರಿನ ತುಂಡು ಇಟ್ಟು ಕೂರಿಸಿದೆ.

ಎತ್ತುವ ಮೊದಲು ಎರಡು ಅಳತೆ ತೆಗೆದುಕೊಂಡೆ. ಒಂದು, ಜಾಕಿನ ತಲೆ ನೆಲದಿಂದ ಎಷ್ಟು ಎತ್ತರ. ಇನ್ನೊಂದು, ಅದರ ನೇರಕ್ಕೆ ಬಾಡಿಯಲ್ಲಿ ಚಾಕ್‌ಪೀಸಿನಿಂದ ಒಂದು ಗುರುತು, ಅದು ನೆಲದಿಂದ ಎಷ್ಟು ಎತ್ತರ. ಜಾಕ್ ಎರಡು ಸೆಂಟಿಮೀಟರ್ ಏರಿದರೆ ಬಾಡಿಯ ಗುರುತೂ ಹೆಚ್ಚುಕಡಿಮೆ ಅಷ್ಟೇ ಏರಬೇಕು. ಜಾಕ್ ಏರಿ ಬಾಡಿ ಏರದಿದ್ದರೆ ನಡುವಿನ ತಗಡು ಕುಸಿಯುತ್ತಿದೆ ಅಂತ ಅರ್ಥ. ಕಣ್ಣಿಗೆ ಕಾಣುವ ಮೊದಲೇ ಟೇಪು ಹೇಳುತ್ತದೆ. ಇನ್ನೊಂದು ಪರೀಕ್ಷೆ ಬಾಗಿಲಿನ ಸಂದು. ರನ್ನಿಂಗ್ ಬೋರ್ಡ್ ಸತ್ತ ಕಾರಿನ ಒಂದು ಮೂಲೆ ಎತ್ತಿದರೆ ಇಡೀ ಬಾಡಿ ತಿರುಚಿಕೊಳ್ಳುತ್ತದೆ, ಅದು ಮೊದಲು ಕಾಣುವುದು ಬಾಗಿಲಿನ ಸುತ್ತಲಿನ ಸಂದಿನಲ್ಲಿ. ಮದುವೆ ಕಾಗದದ ರಟ್ಟನ್ನು ಕತ್ತರಿಸಿ ಎಡ ಬಾಗಿಲಿನ ಹಿಂದಿನ ಸಂದಿನಲ್ಲಿ ಮೇಲಿನಿಂದ ಕೆಳಗೆ ಎಳೆದು ನೋಡಿದೆ. ಮಡಚಿದ ರಟ್ಟು ಸಲೀಸಾಗಿ ಇಳಿಯಿತು.

ಟೈರು ನೆಲದಿಂದ ಎರಡು ಬೆರಳು ಬಿಡುವಷ್ಟು ಮಾತ್ರ ಎತ್ತಿ ನಿಲ್ಲಿಸಿದೆವು. ಕೆಲಸಕ್ಕೆ ಅದಕ್ಕಿಂತ ಜಾಸ್ತಿ ಬೇಕಿಲ್ಲ. ಎತ್ತರ ಹೆಚ್ಚಿದಷ್ಟೂ ಉರುಳುವ ಅಪಾಯ ಹೆಚ್ಚು. ಅಳತೆ ಸರಿಯಿತ್ತು, ರಟ್ಟು ಮೊದಲಿನ ಹಾಗೇ ಇಳಿಯಿತು. ಚಾಸಿ ಪಟ್ಟಿಯ ಗಟ್ಟಿ ಭಾಗದ ಕೆಳಗೆ ಸ್ಟ್ಯಾಂಡ್ ಇಟ್ಟು, ನಡುವೆ ಗಟ್ಟಿ ಮರದ ತುಂಡು ಕೊಟ್ಟು, ಜಾಕನ್ನು ಮೆಲ್ಲಗೆ ಇಳಿಸಿ ಭಾರವನ್ನು ಸ್ಟ್ಯಾಂಡಿಗೆ ಕೊಟ್ಟೆವು. ಆಮೇಲೆ ಜಾಕನ್ನು ಮತ್ತೆ ತಾಗುವಷ್ಟು ಮೇಲೆ ತಂದು ಅಲ್ಲೇ ಬಿಟ್ಟೆವು. ಬಿಚ್ಚಿದ ಚಕ್ರವನ್ನು ಮಲಗಿಸಿ ಬಾಡಿಯ ಅಡಿಗೆ ತಳ್ಳಿದೆವು. 145ರ ಟೈರು ಮಲಗಿದರೆ ಒಂದು ಗೇಣಿಗಿಂತ ಕಡಿಮೆ ಎತ್ತರ, ಅದು ಕೈ ಉಳಿಸುತ್ತದೆ, ಎದೆ ಉಳಿಸುವುದಿಲ್ಲ. ಅದನ್ನು ನಂಬಿ ಯಾರೂ ಅಡಿಗೆ ಹೋಗಬಾರದು.

ಕೈ ಹಾಕುವ ಮೊದಲು ಸೊಂಟ ಕೊಟ್ಟು ಕಾರನ್ನು ಅಲುಗಾಡಿಸಿ ನೋಡಿದೆ. ಬೀಳುವುದಿದ್ದರೆ ಆಗಲೇ ಬೀಳಲಿ. ನಿಂತಿತು. ಕಾಲು ಮಡಚಿ ಹೊರಗೇ ಕೂತು ಪ್ಯಾಡ್ ಬದಲಿಸಿದೆ, ಕಾಲು ಚಾಚಿದರೆ ಗೊತ್ತಿಲ್ಲದೆ ಅದು ಕಾರಿನಡಿಗೆ ಹೋಗುತ್ತದೆ. ಬಲಬದಿಯೂ ಹಾಗೇ ಮುಗಿಯಿತು. ಅಷ್ಟು ಹೊತ್ತೂ ಅಕ್ಕ ಜಗಲಿಯಲ್ಲೇ ಇದ್ದರು, ಎರಡನೇ ಜಾಕ್ ಅವರ ಕೈಗೆ ಸಿಗುವಲ್ಲೇ ಇತ್ತು. ಒಬ್ಬರೇ ಇರುವಾಗ ಇಂಥ ಕೆಲಸಕ್ಕೆ ಇಳಿಯಬೇಡಿ.

ಹಿಂದೆ ನಿಂತದ್ದು

ಹಿಂದೆ ಎತ್ತುವಾಗ ಲೆಕ್ಕ ತಿರುವುಮುರುವು. ಈಗ ಮುಂದಿನ ಎರಡೂ ಚಕ್ರ ನೆಲದಲ್ಲಿವೆ, ಗೇರು ಕೆಲಸಕ್ಕೆ ಬರುತ್ತದೆ, ಹ್ಯಾಂಡ್ ಬ್ರೇಕನ್ನು, ಬ್ರೇಕ್ ಶೂ ಮುಚ್ಚಿರುವ ಡ್ರಮ್ ಬಿಚ್ಚಲು, ಹೇಗೂ ಬಿಡಲೇಬೇಕು. ಅಡೆಗಳನ್ನು ಮುಂದಿನ ಚಕ್ರಗಳಿಗೆ ಬದಲಿಸಿದೆವು. ಜಾಕ್ ಆಕ್ಸಲ್ ಕೊಳವೆಗೆ, ಎಡ ಸ್ಪ್ರಿಂಗ್ ಕೂರುವ ಜಾಗದ ಪಕ್ಕ. ಸ್ಟ್ಯಾಂಡ್ ಕೂಡ ಆಕ್ಸಲ್ ಕೆಳಗೇ. ಬಾಡಿಯ ತಗಡಿಗೆ ಏನೂ ತಾಗಿಸಲಿಲ್ಲ. ಆಕ್ಸಲ್ ಮೇಲೆ ನಿಂತರೆ ಭಾರ ರಸ್ತೆಯಲ್ಲಿ ಇಳಿಯುವ ದಾರಿಯಲ್ಲೇ ಇಳಿಯುತ್ತದೆ, ಸ್ಪ್ರಿಂಗಿನ ಮೂಲಕ.

ಆದರೂ ರಟ್ಟು ಸಿಕ್ಕಿಕೊಂಡಿತು. ಎಡ ಬಾಗಿಲಿನ ಹಿಂದಿನ ಸಂದಿನ ಮೇಲ್ಭಾಗದಲ್ಲಿ ಮೊದಲು ಸಲೀಸಾಗಿ ಇಳಿದ ಅದೇ ರಟ್ಟು ಈಗ ಬಿಗಿಯಾಗಿ ನಿಂತುಬಿಟ್ಟಿತು. ಬಾಡಿ ತಿರುಚುತ್ತಿದೆ. ಆಕ್ಸಲ್ ಗಟ್ಟಿ, ಸ್ಟ್ಯಾಂಡ್ ಗಟ್ಟಿ, ಅವುಗಳ ಮೇಲಿರುವ ಕಾರು ಗಟ್ಟಿ ಇಲ್ಲ. ಪಕ್ಕದಲ್ಲಿ ಕೂತು ಡ್ರಮ್ ಬಿಚ್ಚಲು ಅಡ್ಡಿಯಿಲ್ಲ ಅನ್ನಿಸಿತು, ಇನ್ನೂ ಸ್ವಲ್ಪ ಇಳಿಸಿ ಮುಂದುವರಿದೆವು.

ಡ್ರಮ್ ಬಂತು. ಸಿಲಿಂಡರ್ ಸೋರಿದ್ದು ಸ್ಪಷ್ಟ. ಅದನ್ನು ತೆಗೆಯಬೇಕಾದರೆ ಹಿಂದಿನ ತಟ್ಟೆಗೆ ಬಂದು ಸೇರುವ ಕಬ್ಬಿಣದ ಬ್ರೇಕ್ ಪೈಪಿನ ನಟ್ ಬಿಚ್ಚಬೇಕು. ಪಾನಾ ಹಾಕಿ ತಿರುಗಿಸಿದೆ. ನಟ್ ತಿರುಗಿತು, ಜೊತೆಗೆ ಪೈಪೂ ತಿರುಚಿಕೊಂಡಿತು. ನಟ್ ಮತ್ತು ಪೈಪ್ ತುಕ್ಕಿನಲ್ಲಿ ಒಂದಾಗಿವೆ. ಅಲ್ಲಿಗೇ ಕೈ ತೆಗೆದೆ. ಇನ್ನು ತಿರುಗಿಸಿದರೆ ಪೈಪ್ ಮುರಿಯುತ್ತದೆ. ಅಂದರೆ ಪೈಪನ್ನೂ ಬದಲಿಸಬೇಕು, ಆ ಪೈಪ್ ಎಡಬದಿಯ ನೆಲದ ತಗಡಿಗೆ ಕ್ಲಿಪ್ ಹಾಕಿಕೊಂಡು ಮುಂದಿನವರೆಗೂ ಹೋಗುತ್ತದೆ.

ಇಂಥ ಗಳಿಗೆಯಲ್ಲೇ ಅನಾಹುತ ಆಗುವುದು. ಕೆಲಸ ಅರ್ಧಕ್ಕೆ ನಿಂತಿದೆ, ಡ್ರಮ್ ಬಿಚ್ಚಿದೆ, ಕತ್ತಲಾಗುತ್ತಿದೆ, ಮಳೆ ಮೋಡ ಬೇರೆ. "ಐದು ನಿಮಿಷದ ಕೆಲಸ ಮಾರಾಯ, ನಾನೇ ನುಗ್ಗಿ ಕ್ಲಿಪ್ ಬಿಚ್ಚುತ್ತೇನೆ, ನೀನು ಟಾರ್ಚ್ ಹಿಡಿ" ಅಂದರು ಭಾವ. ಪಕ್ಕ ಕೂತು ಮಾಡುವ ಕೆಲಸ ಕಣ್ಣೆದುರೇ ನುಗ್ಗಿ ಮಾಡುವ ಕೆಲಸವಾಗಿ ಬದಲಾಗಿತ್ತು. ನಾನು ಅವರಿಗೆ ರಟ್ಟನ್ನು ತೋರಿಸಿದೆ. "ಭಾವ, ಇದು ಎತ್ತುವ ಮೊದಲು ಇಳಿಯುತ್ತಿತ್ತು, ಈಗ ಇಳಿಯುತ್ತಿಲ್ಲ. ಕ್ಲಿಪ್ ಇರುವುದು ಸ್ಕ್ರೂ ಡ್ರೈವರ್ ಒಳಗೆ ಹೋಯಿತಲ್ಲ, ಅದೇ ತಗಡಿನ ಮೇಲೆ. ನೀವು ಅದರ ಕೆಳಗೆ ಮಲಗಿ ಎಳೆಯಬೇಕು. ಅಲ್ಲಿ ಸ್ಟ್ಯಾಂಡ್ ಇಡಲು ನನಗೆ ಒಂದು ಗಟ್ಟಿ ಜಾಗ ತೋರಿಸಿ, ಆಮೇಲೆ ನುಗ್ಗಿ." ಅವರು ಟಾರ್ಚ್ ತೆಗೆದುಕೊಂಡು ನೋಡಿದರು. ಎಡಬದಿಯಲ್ಲಿ ಅಂಥ ಜಾಗ ಇರಲಿಲ್ಲ.

ಹಾಗೆ ನೋಡುವಾಗಲೇ ಟ್ರೇಲಿಂಗ್ ಆರ್ಮ್‌ನ ಬುಡವೂ ಸರಿಯಾಗಿ ಕಂಡಿತು. ಕಾರನ್ನು ಆಕ್ಸಲ್ ಹಿಡಿದು ಎತ್ತಿದಾಗ ಬುಡದ ಸುತ್ತಲಿನ ತಗಡಿನಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟಿತ್ತು. ಅದು ಪೂರ್ತಿ ಕಿತ್ತು ಬಂದರೆ ಓಡುತ್ತಿರುವ ಕಾರಿನ ಹಿಂದಿನ ಚಕ್ರ ದಿಕ್ಕು ತಪ್ಪುತ್ತದೆ. ಬ್ರೇಕ್ ಸರಿಯಾದರೂ ಆ ಕಾರನ್ನು ರಸ್ತೆಗೆ ಇಳಿಸುವ ಹಾಗಿರಲಿಲ್ಲ. ಡ್ರಮ್, ಚಕ್ರ ವಾಪಸ್ ಹಾಕಿ ಇಳಿಸಿದೆವು.

ಆಮೇಲೆ

ಗ್ಯಾರೇಜಿಗೆ ಕಳಿಸಿದರೆ ಮುಗಿಯಿತು ಅಂತ ಅಲ್ಲ. ಎರಡು ಕಂಬದ ಲಿಫ್ಟ್ ಇರುತ್ತದಲ್ಲ, ಅದರ ತೋಳುಗಳೂ ಕೂರುವುದು ಅದೇ ರನ್ನಿಂಗ್ ಬೋರ್ಡಿನ ಗುರುತಿಗೆ. ಕೊಳೆತ ಕಾರು ಅದರ ಮೇಲೆ ಆಳೆತ್ತರದಲ್ಲಿರುವಾಗ ಒಂದು ಮೂಲೆ ಕುಸಿದರೆ ಕೆಳಗಿದ್ದ ಮೆಕ್ಯಾನಿಕ್ ಗತಿ ಏನು? ಹಾಗಾಗಿ ಫೋನಿನಲ್ಲಿ ಮೊದಲು ಕೇಳಿದ್ದೇ ನಿಮ್ಮಲ್ಲಿ ಕಾರಿನಡಿ ನಿಂತು ಕೆಲಸ ಮಾಡುವ ಗುಂಡಿ ಇದೆಯಾ, ಅಥವಾ ಚಕ್ರದ ಮೇಲೇ ನಿಲ್ಲಿಸುವ ರ‍್ಯಾಂಪ್ ಇದೆಯಾ ಅಂತ. ಹಳೇ ವಾಟರ್ ಸರ್ವಿಸ್ ಮಾಡುವ ಕಡೆಗಳಲ್ಲಿ ಸಿಮೆಂಟಿನ ರ‍್ಯಾಂಪ್ ಇರುತ್ತದೆ, ಇಂಥ ಕಾರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಗುಂಡಿ ಇರುವ ಒಂದು ಟಿಂಕರಿಂಗ್ ಶೆಡ್ ಸಿಕ್ಕಿತು. ಪೂರ್ತಿ ಕಾರನ್ನೇ ಮೇಲೆ ಹತ್ತಿಸಿಕೊಳ್ಳುವ ಟೋಯಿಂಗ್ ಗಾಡಿಯಲ್ಲಿ ಕಳಿಸಿದೆವು. ಎಡ ರನ್ನಿಂಗ್ ಬೋರ್ಡಿನ ಅಡಿ ತಗಡು ಬಿದ್ದಿದೆ, ಜಾಕ್ ಕೊಡಬೇಡಿ ಅಂತ ಕಾಗದದಲ್ಲಿ ಬರೆದು ಗಾಜಿಗೆ ಅಂಟಿಸಿದ್ದೆವು, ಬಾಯಲ್ಲಿ ಹೇಳಿದ್ದು ಒಬ್ಬರಿಂದ ಒಬ್ಬರಿಗೆ ಹೋಗುವಷ್ಟರಲ್ಲಿ ಬಿಟ್ಟುಹೋಗುತ್ತದೆ.

ದುಡ್ಡಿನ ಮಾತು ಬಂತು. ಖಾಸಗಿ ಕಾರಿಗೆ ನೋಂದಣಿ 15 ವರ್ಷ, ಆಮೇಲೆ ಆರ್‌ಟಿಒದಲ್ಲಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಭಾವ ಈಗಷ್ಟೇ ಎರಡನೇ ಸಲ ನವೀಕರಿಸಿದ್ದರು, ಇನ್ನು ಐದು ವರ್ಷ ಓಡಿಸುವ ಆಸೆ. ಓಡಿಸುವುದಾದರೆ ಪುಟ್ಟಿ ಬೇಡ, ಕೊಳೆತದ್ದನ್ನು ಕತ್ತರಿಸಿ ಒಳ್ಳೇ ಕಬ್ಬಿಣ ಸಿಗುವವರೆಗೂ ಹೋಗಿ ಹೊಸ ತಗಡು ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಗುಜರಿಗೆ ಕೊಡಿ, ನಡುವಿನ ದಾರಿ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ. ಅವರು ಮೊದಲನೆಯದನ್ನೇ ಆರಿಸಿದರು. ಎಡ ರನ್ನಿಂಗ್ ಬೋರ್ಡ್, ಸೀಟಿನ ಕೆಳಗಿನ ಪಟ್ಟಿ, ಟ್ರೇಲಿಂಗ್ ಆರ್ಮ್‌ನ ಬುಡ ಹೊಸದಾದವು, ಬ್ರೇಕ್ ಪೈಪ್ ಹೊಸದು, ಸಿಲಿಂಡರ್ ಎರಡೂ ಕಡೆ ಹೊಸದು. ನೀರು ಹೋಗುವ ತೂತುಗಳನ್ನು ಮುಚ್ಚದೆ ಬಿಡಲು ಹೇಳಿ, ಒಳಗೆ ಮೇಣದಂಥ ಆ್ಯಂಟಿ ರಸ್ಟ್ ಹೊಡೆಸಿದೆವು. ಹೊರಗೆ ಕಪ್ಪು ಕೋಟಿಂಗ್ ಹೊಡೆಯಲು ಬಿಡಲಿಲ್ಲ, ಬರೀ ಪ್ರೈಮರ್ ಮತ್ತು ಪೇಂಟ್. ತುಕ್ಕು ಬಂದರೆ ಕಾಣಲಿ.

ಈಗ ಆ ಕಾರಿನ ಅಡಿಯಲ್ಲಿ ಬಿಳಿ ಪೇಂಟಿನ ಗುರುತುಗಳಿವೆ, ಮುಂದೆ ಎರಡು, ಹಿಂದಿನ ಆಕ್ಸಲ್ ಮೇಲೆ ಎರಡು. ಬಲ ರನ್ನಿಂಗ್ ಬೋರ್ಡಿನ ಹಿಂದಿನ ಭಾಗ ಇನ್ನೂ ಅನುಮಾನದ್ದೇ, ಅಲ್ಲಿ ಕೆಂಪು ಅಡ್ಡಗೆರೆ. ಪ್ರತಿ ಮಳೆಗಾಲ ಮುಗಿದ ಮೇಲೆ ಸುತ್ತಿಗೆ ಹಿಡಿದು ಆ ನಾಲ್ಕೂ ಬಿಳಿ ಗುರುತನ್ನು ಮತ್ತೆ ತಟ್ಟಿ ನೋಡಬೇಕು, ಸದ್ದು ಮಂದ ಅನ್ನಿಸಿದ ಕಡೆ ಬಿಳಿ ಅಳಿಸಿ ಕೆಂಪು ಬಳಿಯಬೇಕು ಅಂತ ಭಾವನಿಗೆ ಹೇಳಿದ್ದೇನೆ.